ಕೊಳೆಯದ ಕಾಲುಚೀಲ

ಭಾನುವಾರ, ಮೇ 14. ಕಾರ್ನ್‌ವಾಲ್, ಹೆಟ್ಟಿ ಅತ್ತೆಯ ಮನೆ.

ಆ ಕಾಲುಚೀಲ ನೈಲಾನಿನದು. ಬೇರೇನೂ ತಲೆಯಲ್ಲಿ ನಿಲ್ಲುತ್ತಿಲ್ಲ.

ಮಧ್ಯಾಹ್ನ ನನ್ನ ಗಂಡ ಪೆರಾನ್‌ನ ಸೋದರತ್ತೆ ಹೆಟ್ಟಿ ನಮ್ಮನ್ನು ಊರಾಚೆಯ ಪಾಳು ಚರ್ಚಿಗೂ ಅದರ ಪಕ್ಕದ ಪವಿತ್ರ ಬಾವಿಗೂ ಕರೆದೊಯ್ದರು. ಬಾವಿಯ ಮೇಲೆ ಬಾಗಿದ ಮರದ ತುಂಬ ಹರಕೆಗೆ ಕಟ್ಟಿದ ಬಟ್ಟೆಯ ಚೂರುಗಳು. ಪೆರಾನ್ ಚರ್ಚಿನ ಗೋಡೆ ಎಷ್ಟು ಹಳೆಯದೆಂದು ಫಲಕದಲ್ಲಿ ಓದುತ್ತ ನಿಂತಿದ್ದಾಗ ನಾನು ಮಗಳು ಲೊವೆನಾಳ ಒಂದು ಕಾಲುಚೀಲ ಬಿಚ್ಚಿ, ನೀರಿನಲ್ಲಿ ಅದ್ದಿ, ಕೊಂಬೆಗೆ ಕಟ್ಟಿಬಿಟ್ಟೆ. ರಸಾಯನಶಾಸ್ತ್ರ ಓದಿದವಳು ನಾನು! ಆದರೆ ಎಂಟು ತಿಂಗಳ ಮಗುವಿನ ತೂಕ ಆರು ವಾರದಿಂದ ನೂರು ಗ್ರಾಮೂ ಏರಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಬರುವುದು ಮಂಗಳವಾರ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗುವಿನ ಬರಿಗಾಲು ನೋಡಿದರು.

"ಕಟ್ಟಿ ಬಂದ್ಯೇನೇ ಹುಡುಗಿ? ನಿನ್ನ ಗಂಡನಿಗೆ ನಾಯಿಕೆಮ್ಮು ಬಂದಾಗ ನಾನೂ ಅವನ ಅಂಗಿ ಹರಿದು ಕಟ್ಟಿದ್ದೆ. ಬಟ್ಟೆ ಕೊಳೀತಾ ಕೊಳೀತಾ ಕಾಯಿಲೆ ಹೋಗತ್ತೆ."

"ಅದಕ್ಕೇ ನನಗೆ ಇವತ್ತಿಗೂ ನೆಟ್ಟಗಿರೋ ಅಂಗಿ ಇಲ್ಲ," ಎಂದ ಪೆರಾನ್. ಇಬ್ಬರೂ ನಕ್ಕರು. ನೈಲಾನ್ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಆ ಕೊಂಬೆಯಲ್ಲಿರುತ್ತದೆ. ಆ ಮೇಜಿನ ಸುತ್ತ ಕೂತವರಲ್ಲಿ ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಈಗ ಲೊವೆನಾಳ ಹತ್ತಿ ಅಂಗಿಯ ಅಂಚು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಟಾರ್ಚ್ ಬಾಗಿಲ ಬಳಿ ಇದೆ. ಹುಲ್ಲುಗಾವಲು ದಾಟಿದರೆ ಹತ್ತು ನಿಮಿಷದ ದಾರಿ. ಆದರೆ ಕಾಲುಚೀಲವನ್ನು ಏನು ಮಾಡಲಿ? ಬಿಚ್ಚಿ ತಂದರೆ ಕಾಯಿಲೆಯೂ ಜೊತೆಗೆ ಬರುತ್ತದೆಯೇ? ಅತ್ತೆಯನ್ನು ಎಬ್ಬಿಸಿ ಕೇಳಲೇ?

ಲೊವೆನಾ ಅಳುತ್ತಿದ್ದಾಳೆ. ಹಸಿವಾಗಿರಲಿ. ದೇವರೇ, ಇದು ಬರೀ ಹಸಿವೇ ಆಗಿರಲಿ