ಮೂರನೆಯ ಸಲ ಕೇಳದ ಪ್ರಶ್ನೆ

ಮಾನ್ಯರೇ,

ನಮ್ಮ ಕೌಂಟಿ ಆಸ್ಪತ್ರೆಯ ದೂರವಾಣಿ ಸಲಹಾ ವಿಭಾಗಕ್ಕೆ ನೀವು ಮುಖ್ಯಸ್ಥರು. ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ಆ ವಿಭಾಗಕ್ಕೆ ಫೋನ್ ಮಾಡಿದೆ. ಸೋಮವಾರ ಬೆಳಿಗ್ಗೆ ನನ್ನ ಮೂರು ವರ್ಷದ ಮಗಳು ಟಿಲ್ಡಾ ತೀರಿಕೊಂಡಳು. ರಕ್ತಕ್ಕೆ ಸೋಂಕು ಹರಡಿತ್ತು. ನಿಮ್ಮ ತನಿಖಾ ವರದಿ ಕೈಸೇರಿದೆ; ನಿಯಮಗಳನ್ನೆಲ್ಲ ಪಾಲಿಸಲಾಗಿದೆಯಂತೆ. 'ವೈದ್ಯರ ತಪಾಸಣೆಯನ್ನು ತಂದೆ ನಿರಾಕರಿಸಿದರು' ಎಂದು ಅಚ್ಚುಕಟ್ಟಾಗಿ ನಮೂದಿಸಿದ್ದೀರಿ. ಅಭಿನಂದನೆಗಳು.

ಅಂದು ಜ್ವರ ನೂರಾ ಒಂದು. ಊರಿನ ಅರ್ಧ ಮಕ್ಕಳಿಗೆ ಅಷ್ಟೇ ಇತ್ತು. ಆದರೆ ನನ್ನ ಹೆಂಡತಿ ಮಾರೆನ್ ಮಗುವಿನ ಪಾದ ಹಿಡಿದು ಕೂತುಬಿಟ್ಟಿದ್ದಳು. "ನೋಡು ಆರಿನ್, ಕಾಲುಚೀಲ ಹಾಕಿದ್ರೆ ಕಿತ್ತು ಎಸೀಲೇ ಇಲ್ಲ ಇವ್ಳು," ಎಂದಳು. ಟಿಲ್ಡಾ ಹುಟ್ಟಿದಾಗಿನಿಂದ ಕಾಲುಚೀಲವನ್ನು ಐದು ನಿಮಿಷ ಉಳಿಸಿಕೊಂಡವಳಲ್ಲ. ಎಂಥ ಹಿಮದಲ್ಲೂ ಬರಿಗಾಲೇ. "ಇದು ಬರೀ ಜ್ವರ ಅಲ್ಲ. ನಂಗೊತ್ತು." ಹೇಗೆ ಗೊತ್ತು ಎಂದು ಕೇಳಿದೆ. "ಹೆಂಗೆ ಅಂದ್ರೆ? ಗೊತ್ತು, ಅಷ್ಟೆ."

ನಿಮ್ಮ ನರ್ಸ್ ಸೌಜನ್ಯದಿಂದಲೇ ಮಾತಾಡಿದರು. ನೀರು ಕುಡಿಯುತ್ತಾಳೆಯೇ, ಮೈಮೇಲೆ ಗುಳ್ಳೆ ಇದೆಯೇ, ಎಲ್ಲ ವಿಚಾರಿಸಿದರು. ಕಾಲುಚೀಲದ ವಿಷಯ ಹೇಳಿದೆ. ಅದಕ್ಕೆ ನಿಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ. 'ಹಿನ್ನೆಲೆಯಲ್ಲಿ ತಾಯಿ ಆತಂಕದಲ್ಲಿದ್ದರು' ಎಂದು ಬರೆಯಲು ಮಾತ್ರ ಜಾಗವಿತ್ತು. ಕೊನೆಗೆ, "ಬೇಕಿದ್ರೆ ಕರ್ಕೊಂಡು ಬನ್ನಿ, ಡಾಕ್ಟ್ರು ನೋಡ್ತಾರೆ. ಬರ್ತೀರಾ?" ಎಂದರು.

"ಅಯ್ಯೋ, ಬೇಡ ಬಿಡಿ. ಭಾನುವಾರ ಬೇರೆ, ನಿಮಗ್ಯಾಕೆ ತೊಂದ್ರೆ," ಎಂದೆ.

"ಸರಿ ಹಾಗಾದ್ರೆ," ಎಂದು ಫೋನ್ ಇಟ್ಟರು.

ಮಾನ್ಯರೇ, ಉತ್ತರ ಮಿನ್ನೆಸೋಟದ ನಮ್ಮ ಕಡೆ ಮೊದಲ ಸಲಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಕಾಫಿಗೆ ಕರೆದರೂ ಅಷ್ಟೇ, ಹಿಮದಲ್ಲಿ ಹೂತ ಕಾರನ್ನು ಎಳೆದುಕೊಡುತ್ತೇನೆಂದರೂ ಅಷ್ಟೇ. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ತಲೆಯಾಡಿಸಬೇಕು. ಕೇಳುವವರಿಗೂ ಇದು ಗೊತ್ತು. ಮೊದಲು ನಿಮ್ಮ ಫೋನ್ ಎತ್ತುತ್ತಿದ್ದವರು ನಮ್ಮೂರಿನ ನರ್ಸ್ ವರ್ನಾ. ಆ ಕೆಲಸವನ್ನು ನೀವು ಎರಡು ರಾಜ್ಯಗಳಾಚೆ ಕೂತವರಿಗೆ ವಹಿಸಿದಿರಿ. ಅಲ್ಲಿ ಬೇಡ ಅಂದರೆ ಬೇಡವೇ. ಹಾಗಾದರೆ ತಪ್ಪು ಆ ನರ್ಸ್‌ದೇ? ಖಂಡಿತ ಅಲ್ಲ. ಇನ್ನೊಮ್ಮೆ ಕೇಳುತ್ತಾರೆಂದು ಕಾದವನು ನಾನು, ಮತ್ತೆ ಫೋನ್ ಮಾಡಲು ನಾಚಿದವನೂ ನಾನೇ. "ಕೇಳೋದೇನು, ಹೋಗೋಣ ನಡಿ," ಎಂದಳು ಮಾರೆನ್. "ಇವತ್ತೊಂದಿನ ನೋಡೋಣ," ಎಂದೆ. ಹೆತ್ತವಳ 'ಗೊತ್ತು' ಎಂಬ ಮಾತಿಗಿಂತ ಅಪರಿಚಿತರ 'ಸರಿ' ನನಗೆ ದೊಡ್ಡದಾಯಿತು. ಇದನ್ನು ನಿಮ್ಮ ಯಾವ ಕಾಲಂನಲ್ಲಿ ಬರೆಯಲಿ?

ಶವಪೆಟ್ಟಿಗೆ ಮುಚ್ಚುವ ಮೊದಲು ಮಾರೆನ್ ಮಗಳ ಕಾಲುಚೀಲ ಬಿಚ್ಚಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ನನ್ನೊಡನೆ ಅವಳು ಈವರೆಗೆ ಜಗಳವಾಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅಂದು ಮಣ್ಣು ಮಾಡಿ ಬಂದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ವರ್ನಾ ತಟ್ಟೆ ಹಿಡಿದು ಬಂದರು. "ಚೂರು ತಿನ್ನಪ್ಪ." ಬೇಡ ಎಂದೆ. "ಬರೀ ಆಲೂಗಡ್ಡೆ ಕಣೋ, ಬಿಸಿ ಇದೆ." ಬೇಡ ಎಂದೆ. ಅವರು ಅಲ್ಲೇ ನಿಂತರು. "ತಿಂತೀಯಾ?" ಮೂರನೆಯ ಸಲ ಕೇಳಿದ್ದಕ್ಕೆ ನಾನು ಅತ್ತುಬಿಟ್ಟೆ.

ನನಗೆ ಪರಿಹಾರ ಬೇಡ. ಮೂರು ಸಲ ಕೇಳಿದರೂ ಬೇಡ. ನಿಮ್ಮ ನಮೂನೆಗೆ ಒಂದು ಸಾಲು ಸೇರಿಸಿ: 'ಮಗುವಿನಲ್ಲಿ ಏನು ಬೇರೆ ಅನ್ನಿಸುತ್ತಿದೆ?' ಅದನ್ನು ಮಗುವನ್ನು ಹಿಡಿದು ಕೂತವರ ಬಳಿಯೇ ಕೇಳಿ. ಫೋನ್ ಹಿಡಿದವನು ಬೇಡ ಎಂದರೆ ಮತ್ತೆ ಕೇಳಿ. ಆಮೇಲೂ ಬೇಡ ಎಂದರೆ, ದಯವಿಟ್ಟು, ಇನ್ನೊಂದು ಸಲ ಕೇಳಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ನಿರಾಕರಿಸಿದ ತಂದೆ,
ಆರಿನ್ ಸ್ಲೆಟನ್