ನೀವು ತೂಗುಹಾಕಿದ್ದು ನಮ್ಮಜ್ಜಿಯ ಕೌದಿ

ಸಮಕಾಲೀನ ಇರಾನಿ ಕಲಾ ಪ್ರದರ್ಶನದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಹ್ಯೂಸ್ಟನ್ನಿನ ಪ್ರದರ್ಶನದ ಎರಡನೆಯ ಕೋಣೆಯಲ್ಲಿ, ಬಾಗಿಲಿಗೆ ಎದುರಾದ ಬಿಳಿ ಗೋಡೆಯ ಮೇಲೆ, ಮೂರು ದೀಪಗಳ ಬೆಳಕಿನಲ್ಲಿ ನೀವು ಇರಾನಿನ ಕಲೆ ಎಂದು ತೂಗುಹಾಕಿರುವುದು ನಮ್ಮ ಅಜ್ಜಿಯ ಕೌದಿ. ಧಾರವಾಡ ಜಿಲ್ಲೆಯ ಈರವ್ವ ಎಂಬ ಹೆಂಗಸು ಹಳೆಯ ಸೀರೆ, ಲುಂಗಿ, ನನ್ನ ಶಾಲೆಯ ಯೂನಿಫಾರ್ಮು ಎಲ್ಲವನ್ನೂ ಕತ್ತರಿಸಿ ಹೊಲಿದದ್ದು. ಆ ಗೋಡೆಯ ಮೇಲೆ ಇರಬೇಕಾಗಿದ್ದ ಚಿತ್ರ, ಮೆಹ್ರಿ ಖಾನುಮ್ ಎಂಟು ತಿಂಗಳು ಕೂತು ಬಿಡಿಸಿದ ಚಿತ್ರ, ಹಿಂದಿನ ಉಗ್ರಾಣದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಇದನ್ನು ನಿಮಗೆ ಬಾಯಲ್ಲಿ ಹೇಳಿದೆ. ಮೂರು ಸಲ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಮೂರಕ್ಕೂ ಬಂದದ್ದು ನನ್ನ ಆಸಕ್ತಿಗೆ ಧನ್ಯವಾದ ಹೇಳುವ ಒಂದೇ ಯಂತ್ರದ ಉತ್ತರ. ನೀವು ಟೆಕ್ಸಸ್ಸಿನ ನಮ್ಮ ಕನ್ನಡ ಸಂಘದ ಈ ಪತ್ರಿಕೆಯನ್ನು ತಪ್ಪದೆ ಓದುವವರು. ಈ ವರ್ಷದ ಯುಗಾದಿ ಸಂಚಿಕೆಯಲ್ಲಿ ‘ನಮ್ಮತನ’ದ ಬಗ್ಗೆ ನಾಲ್ಕು ಪುಟ ಬರೆದವರೂ ನೀವೇ. ಆದ್ದರಿಂದ ಇಲ್ಲಿಯೇ, ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಕಲಾ ವಿಮರ್ಶಕಿಯಲ್ಲ. ಧಾರವಾಡದಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಡಾಲಸ್ ಪಕ್ಕದ ಯೂಲೆಸ್‌ಗೆ ಬಂದು, ಹನ್ನೊಂದನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಏಕೆ ಬಿಟ್ಟೆ ಎಂದು ಸಂಘದ ಆಂಟಿಯರು ಇನ್ನೂ ಕೇಳುತ್ತಾರೆ. ಒಂದೇ ಕುರ್ಚಿಯಲ್ಲಿ ಏಳು ಗಂಟೆ ಕೂರಲು ನನ್ನಿಂದಾಗಲಿಲ್ಲ, ಅಷ್ಟೆ. ಈಗ ನನ್ನ ಹತ್ತಿರ ಒಂದು ಹಳೆಯ ವ್ಯಾನ್ ಇದೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಡುವೆ ಕಲಾವಿದರ ಚಿತ್ರಗಳನ್ನು ಒಡೆಯದಂತೆ, ಗೀರು ಬೀಳದಂತೆ ಸಾಗಿಸುತ್ತೇನೆ. ಮೆಹ್ರಿ ಖಾನುಮ್ ನಮ್ಮ ಬೀದಿಯವರೇ. ಖಾನುಮ್ ಎಂದರೆ ಅವರ ಕಡೆ ಅಮ್ಮಾವ್ರೇ ಎಂದ ಹಾಗೆ. ಐವತ್ತೈದು ವರ್ಷ, ಗ್ಯಾರೇಜಿನಲ್ಲಿ ಕಾರಿನ ಬದಲು ಕ್ಯಾನ್ವಾಸು. ಹುಟ್ಟಿದ್ದು ಇರಾನಿನ ಅಹ್ವಾಜ್‌ನಲ್ಲಿ. ತಂದೆ ಎಣ್ಣೆ ಕಂಪನಿಯಲ್ಲಿ ಫಿಟ್ಟರ್.

ಏಪ್ರಿಲ್‌ನಲ್ಲಿ ಅವರ ಚಿತ್ರವನ್ನು ಹ್ಯೂಸ್ಟನ್ನಿಗೆ ಒಯ್ದವಳು ನಾನು. ಎಂಟು ಅಡಿ ಅಗಲದ ಕ್ಯಾನ್ವಾಸು. ಬಾಡಿಗೆಯ ಕಂಬಳಿಗಳು ಒರಟು, ನೂಲು ಬಿಡುತ್ತವೆ. ಕೌದಿ ಮೆತ್ತಗೆ, ದಪ್ಪ. ಚಿತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಕೌದಿ ಸುತ್ತಿ ಕಟ್ಟಿದೆ. ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ನೀವು ಹುಡುಕುವ ಶ್ರಮ ಬೇಡ. ಸಾಗಿಸುವ ವಸ್ತುಗಳಿಗೆ ಒಂದು ಫಾರ್ಮ್ ಇರುತ್ತದೆ. ಎಲ್ಲಿ ಗೀರಿದೆ, ಎಲ್ಲಿ ಕೊಳೆಯಾಗಿದೆ ಎಂದು ಬರೆದು, ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಸಹಿ ಹಾಕಬೇಕು. ಪ್ಯಾಕಿಂಗ್ ಸಾಮಾನನ್ನು ಅದರಲ್ಲಿ ಬರೆಯುವಂತಿಲ್ಲ. ಆದರೆ ಕೌದಿ ಕಳೆದುಹೋದರೆ ಎಂಬ ಹೆದರಿಕೆಯಿಂದ ನಾನು ಚಿತ್ರದ ಹೆಸರಿನ ಕೆಳಗೆ, ಎರಡನೆಯ ಸಾಲಿನಲ್ಲಿ ಬರೆದೆ: ‘ಬಟ್ಟೆ, ಕೈಹೊಲಿಗೆ, ಹಳೆಯದು, ಜಾಗ್ರತೆ.’ ನಿಮ್ಮವರು ಸುತ್ತಿದ್ದನ್ನು ಬಿಚ್ಚದೆ ಹಾಗೇ ತೆಗೆದುಕೊಂಡು ಸಹಿ ಹಾಕಿದರು. ಎರಡು ವಾರದ ನಂತರ ನಿಮ್ಮ ಸಮಿತಿ ಮೆಹ್ರಿ ಖಾನುಮ್‌ಗೆ ‘ನಿಮ್ಮ ಕೃತಿ ಆಯ್ಕೆಯಾಗಿದೆ’ ಎಂದು ಬರೆಯಿತು. ಅವರು ಕಳಿಸಿದ್ದೇ ಒಂದು. ಯಾವುದು ಎಂದು ಯಾರು ಕೇಳುತ್ತಾರೆ? ನನಗೂ ಕೇಸರಿ ಹಾಕಿದ ಚಹಾ ಕೊಟ್ಟರು.

ಪ್ರದರ್ಶನ ಶುರುವಾದ ದಿನ ಇಬ್ಬರೂ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದೆವು. ನೀವು ರೇಷ್ಮೆ ಜುಬ್ಬಾ ತೊಟ್ಟು ಹದಿನೈದು ಜನರ ಗುಂಪಿಗೆ ವಿವರಿಸುತ್ತಿದ್ದಿರಿ. ಮೂಲೆಯ ತ್ರಿಕೋನದ ತುಂಡುಗಳು ಸೈಪ್ರೆಸ್ ಮರಗಳಂತೆ. ನಡುವಿನ ಕೆಂಪು, ಕಳೆದುಹೋದ ಮನೆಯಂತೆ. ಎಡಗಡೆಯ ಮಸುಕು ಅಕ್ಷರಗಳು ಬಹುಶಃ ಹಳೆಯ ಪರ್ಷಿಯನ್ ಲಿಪಿಯಂತೆ. ಅಕ್ಷರ ಹೌದು ಸ್ವಾಮಿ. ಹುಬ್ಬಳ್ಳಿಯ ಒಂದು ಜವಳಿ ಅಂಗಡಿಯ ಬಟ್ಟೆಚೀಲವದು. ಅಜ್ಜಿ ತಲೆಕೆಳಗಾಗಿ ಹೊಲಿದಿದ್ದಾಳೆ. ಅವಳಿಗೆ ಓದಲು ಬರುತ್ತಿರಲಿಲ್ಲ. ನಿಮಗೆ?

ಪಕ್ಕದಲ್ಲಿ ಫಲಕ: ಮೆಹ್ರಿ ಖಾನುಮ್ ಹೆಸರು, ಕೆಳಗೆ ‘ಗಡೀಪಾರು’ ಎಂಬ ಶೀರ್ಷಿಕೆ. ಶೀರ್ಷಿಕೆ ಇಟ್ಟವರು ಯಾರು? ಅವರಂತೂ ಅಲ್ಲ. ಅವರು ಫಲಕವನ್ನು ಎರಡು ಸಲ ಓದಿ, ನನ್ನ ತೋಳು ಹಿಡಿದು, “ಪ್ರಗತಿ ಜಾನ್, ಇದು ನಿನ್ನ ಕಂಬಳಿ ಅಲ್ಲವಾ?” ಎಂದು ಪಿಸುಗುಟ್ಟಿದರು. ಜಾನ್ ಎಂದರೆ ಅವರ ಕಡೆ ಪುಟ್ಟೀ ಎಂದ ಹಾಗೆ. ನಾನು ನಿಮ್ಮ ಹತ್ತಿರ ಬಂದೆ. ಆಮೇಲೆ ನಡೆದ ಮಾತನ್ನು ನೀವು ಮರೆತಿರಬಹುದು.

“ಅಂಕಲ್, ಅದು ಕೌದಿ.”

“ಯಾವ ಕೌದಿ? ನೀನು ನಮ್ಮ ಲೀಲಾವತಿ ಮಗಳಲ್ವಾ? ಕಾಲೇಜಿಗೆ ಸೇರ್ಕೊಂಡ್ಯಾ?”

“ಇಲ್ಲ ಅಂಕಲ್. ನಮ್ಮಜ್ಜಿ ಹೊಲಿದಿದ್ದು ಅದು. ಚಿತ್ರ ಸುತ್ತೋದಕ್ಕೆ ನಾನು ತಂದಿದ್ದೆ.”

“ನೋಡಮ್ಮ, ಪ್ರಪಂಚದಲ್ಲಿ ಎಲ್ಲಾ ಹೆಂಗಸ್ರೂ ಹೊಲೀತಾರೆ. ಅದು ಯುನಿವರ್ಸಲ್ಲು.”

“ಹಾಗಾದ್ರೆ ಇರಾನ್ ಅಂತ ಯಾಕೆ ಬರೆದ್ರಿ?”

ಆಗ ನೀವು ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋಗಿ ಹೇಳಿದಿರಿ: “ಸೀನ್ ಮಾಡ್ಬೇಡ. ಕ್ಯಾಟಲಾಗ್ ಪ್ರಿಂಟ್ ಆಗಿದೆ. ಮುಂದೆ ಇದೇ ಶೋ ಆಸ್ಟಿನ್‌ಗೆ ಹೋಗತ್ತೆ, ಅದೂ ಮುಗೀಲಿ, ಆಮೇಲೆ ನೋಡೋಣ. ಆ ಪೇಂಟಿಂಗ್ ಇದ್ಯಲ್ಲ, ಅದರಲ್ಲಿ ಇರಾನ್ ಎಲ್ಲಿದೆ ಹೇಳು? ಟ್ಯಾಂಕು, ಪೈಪು, ಬಿಳೀ ಪಿಕಪ್ಪು. ಇದು ಇಲ್ಲೇ ಹ್ಯೂಸ್ಟನ್ ಪಕ್ಕದ ನಮ್ಮ ಪ್ಯಾಸಡೀನಾ. ಅದೇ ರೋಡಲ್ಲಿ ನಾನು ದಿನಾ ಆಫೀಸಿಗೆ ಹೋಗ್ತೀನಿ.”

ಮಾನ್ಯರೇ, ಅದು ಪ್ಯಾಸಡೀನಾ ಅಲ್ಲ. ಅದು ಅಹ್ವಾಜ್. ಮೆಹ್ರಿ ಖಾನುಮ್ ಹದಿನೆಂಟು ವರ್ಷ ಆ ಟ್ಯಾಂಕಿನ ಎದುರಿನ ಮನೆಯಲ್ಲಿದ್ದರು. ಎಣ್ಣೆ ಕಂಪನಿಯ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುವ ಅನಿಲದ ಬೆಳಕಿನಲ್ಲಿ ಅಕ್ಕತಂಗಿಯರು ಮಾಳಿಗೆಯ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದರಂತೆ. ಚಿತ್ರದ ಬಲಮೂಲೆಯಲ್ಲಿ, ಪೈಪಿನ ನೆರಳಿನಲ್ಲಿ, ಎರಡು ಜೊತೆ ಚಪ್ಪಲಿಗಳಿವೆ. ನೀವು ನೋಡಿದಿರಾ? ಈ ಚಿತ್ರವನ್ನು ಬಿಡಿಸಿದ್ದೇ ಅಕ್ಕನಿಗೆ ತೋರಿಸಲು. ಅಕ್ಕ ಈ ವಸಂತದಲ್ಲಿ ಬರುವವರಿದ್ದರು. ಜನವರಿಯಲ್ಲಿ ಇರಾನ್ ಸೇರಿ ಏಳು ದೇಶಗಳವರನ್ನು ಅಮೆರಿಕಕ್ಕೆ ಬಾರದಂತೆ ತಡೆಯುವ ಆದೇಶ ಬಂತು, ಪಕ್ಕದ ದೇಶದ ಅಂಕಾರಾದಲ್ಲಿ ಗೊತ್ತಾಗಿದ್ದ ವೀಸಾ ಸಂದರ್ಶನ ರದ್ದಾಯಿತು. ಅದೇ ಆದೇಶದ ನಂತರವೇ ಅಲ್ಲವೇ ನಿಮಗೆಲ್ಲ ಇದ್ದಕ್ಕಿದ್ದಂತೆ ಇರಾನಿನ ಕಲೆಯ ಮೇಲೆ ಪ್ರೀತಿ ಉಕ್ಕಿ, ಈ ಪ್ರದರ್ಶನ ಹುಟ್ಟಿದ್ದು? ಮನುಷ್ಯರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿದವರು ‘ನೀವು ಇರಾನಿನವರು’ ಎಂದರು. ಚಿತ್ರವನ್ನು ಉಗ್ರಾಣದಲ್ಲಿ ನಿಲ್ಲಿಸಿದ ನೀವು ‘ಇದು ಇರಾನಿನದಲ್ಲ’ ಎಂದಿರಿ. ಇವರು ಹೋಗಬೇಕಾದ್ದಾದರೂ ಎಲ್ಲಿಗೆ?

ತೆಹರಾನಿನಲ್ಲಿ ಮೆಹ್ರಿ ಖಾನುಮ್ ಅವರ ಗೆಳತಿಯೊಬ್ಬರಿದ್ದಾರೆ. ಲಿಫ್ಟ್ ಕೆಟ್ಟ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ಬಿಡಿಸುತ್ತಾರೆ. ಬರೀ ಮೆಟ್ಟಿಲು, ತರಕಾರಿ ಚೀಲ, ಏದುಸಿರು. ಅಲ್ಲಿನ ಅಧಿಕಾರಿಗಳು ‘ಇದರಲ್ಲಿ ನಮ್ಮ ಸಂಸ್ಕೃತಿ ಎಲ್ಲಿದೆ’ ಎಂದು ಕೇಳುತ್ತಾರಂತೆ. ಹೊರದೇಶದಿಂದ ಬರುವ ಪ್ರದರ್ಶನದವರು ‘ಇದರಲ್ಲಿ ಇರಾನ್ ಎಲ್ಲಿದೆ’ ಎಂದು ಕೇಳುತ್ತಾರಂತೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದವರು, ಪ್ರಶ್ನೆಪತ್ರಿಕೆ ಮಾತ್ರ ಒಂದೇ. ಪಾಸಾಗಬೇಕಾದರೆ ದಾಳಿಂಬೆ, ಪರದೆ, ಬಳುಕುವ ಲಿಪಿ ಬರೆಯಬೇಕು. ಲಿಫ್ಟ್ ಕೆಟ್ಟರೆ ನಾಲ್ಕನೆಯ ಮಹಡಿ ಹತ್ತುವವಳು ಇರಾನಿನ ಹೆಂಗಸಲ್ಲವೇ?

ಈ ಪರೀಕ್ಷೆಯನ್ನು ನಾನೂ ಬರೆದಿದ್ದೇನೆ, ನಿಮ್ಮ ಕೈಯಲ್ಲೇ. ನನಗೆ ಹದಿನಾಲ್ಕು ವರ್ಷ, ರಾಜ್ಯೋತ್ಸವದ ಕಾರ್ಯಕ್ರಮ. ‘ಧಾರವಾಡದ ಕಡೆಯವಳು, ಒರಿಜಿನಲ್’ ಎಂದು ಹೇಳಿ ನನ್ನ ಸೊಂಟದ ಮೇಲೆ ಕೊಡ ಇಟ್ಟು ವೇದಿಕೆ ಹತ್ತಿಸಿದಿರಿ. ನಮ್ಮ ಮನೆಯಲ್ಲಿ ನಲ್ಲಿ ಇತ್ತು. ನಾನು ಹುಟ್ಟಿದಾಗಿನಿಂದ ಕೊಡ ಹೊತ್ತವಳಲ್ಲ. ಅದು ಎರಡು ಸಲ ಜಾರಿತು. ಜನ ಚಪ್ಪಾಳೆ ತಟ್ಟಿದರು. ನೀವು ಮೈಕಿನಲ್ಲಿ ‘ಎಷ್ಟು ಸಹಜ ನೋಡಿ’ ಎಂದಿರಿ. ಆವತ್ತು ಸುಳ್ಳಿಗೆ ಚಪ್ಪಾಳೆ ಬಿದ್ದಾಗ ನಾನು ನಕ್ಕು ಕೈ ಮುಗಿದೆ. ಅದು ಇನ್ನೂ ಚುಚ್ಚುತ್ತದೆ. ಈ ಸಲ ನಗುವುದಿಲ್ಲ.

ಕೌದಿ ಎಲ್ಲಿದೆ ಎಂದು ಮನೆಯಲ್ಲಿ ಹೇಳಿದಾಗ ಮೊದಲಿಗೆ ಅವ್ವನಿಗೆ ಖುಷಿಯೇ ಆಯಿತು. “ಹೋಗ್ಲಿ ಬಿಡವಾ, ದೊಡ್ಡವರ ಜೋಡಿ ಯಾಕ ಜಗಳ? ನಮ್ಮವ್ವನ ಕೌದಿ ಗ್ವಾಡಿ ಮ್ಯಾಲ ಏರೇತಿ ಅಂದ್ರ ಮರ್ಯಾದಿನ ಅಲ್ಲೇನು?” ಎಂದಳು. ನಾನು ಫೋನಿನಲ್ಲಿ ಫಲಕದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. “ಇದರಾಗ ನಮ್ಮವ್ವನ ಹೆಸರು ಎಲ್ಲೈತಿ?” ಎಂದಳು. ಆಮೇಲೆ ಜಗಳ ಬೇಡ ಎನ್ನಲಿಲ್ಲ.

ನೀವು ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ದಡ್ಡತನ ಎಂದುಕೊಂಡು ನಾನೂ ನಕ್ಕುಬಿಡುತ್ತಿದ್ದೆನೇನೋ. ಆದರೆ ಕಳೆದ ವಾರ ಮೆಹ್ರಿ ಖಾನುಮ್‌ಗೆ ನಿಮ್ಮ ಕಚೇರಿಯಿಂದ ಒಂದು ಕಾಗದ ಬಂದಿದೆ. ‘ಗಡೀಪಾರು’ ತಮ್ಮ ಸ್ವಂತ ಕೈಕೆಲಸ ಎಂದು ಸಹಿ ಹಾಕಬೇಕು, ಇಲ್ಲವಾದರೆ ಆಸ್ಟಿನ್ ಪ್ರದರ್ಶನದಿಂದ ಹೆಸರು ತೆಗೆಯುತ್ತಾರೆ. ಜೊತೆಗೆ ಆಸ್ಟಿನ್‌ನ ಪೋಸ್ಟರಿಗೆ ತಲೆಗೆ ಸ್ಕಾರ್ಫ್ ಇರುವ ಒಂದು ಫೋಟೋ ಬೇಕಂತೆ. ಮೂವತ್ತು ವರ್ಷದಿಂದ ಟೆಕ್ಸಸ್‌ನಲ್ಲಿ ಬೇಸ್‌ಬಾಲ್ ಟೋಪಿ ಹಾಕಿಕೊಂಡು ಚಿತ್ರ ಬಿಡಿಸುವ ಹೆಂಗಸಿಗೆ!

ನಾನು ಅವರ ಮನೆಗೆ ಹೋಗಿ ಫಾರ್ಮಿನ ಎರಡನೆಯ ಸಾಲಿನ ಕಥೆ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ, ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಹೇಳಿದರು: “ಸಹಿ ಹಾಕಿದರೆ ನಾನು ಸುಳ್ಳಿ. ಹಾಕದೆ ಹೋದರೆ, ಇರಾನಿನ ಹೆಂಗಸು ಬೇರೆಯವರ ಬಟ್ಟೆ ತಂದು ಮೋಸ ಮಾಡಿದಳು ಎಂದು ಅವರು ಹೇಳುತ್ತಾರೆ. ಈ ವರ್ಷ, ಈ ದೇಶದಲ್ಲಿ, ಯಾರನ್ನು ನಂಬುತ್ತಾರೆ ಹೇಳು, ಅವರನ್ನೋ ನನ್ನನ್ನೋ?” ಕಾಗದ ಅವರ ಮೇಜಿನ ಮೇಲೆ ಇನ್ನೂ ಖಾಲಿ ಇದೆ. ಪಕ್ಕದಲ್ಲಿ ಪೆನ್ನೂ ಇದೆ. ಅದಕ್ಕೇ ಈ ಪತ್ರ. ಅವರು ಮೋಸ ಮಾಡಲಿಲ್ಲ. ತಪ್ಪು ಸಾಲು ಬರೆದವಳು ನಾನು. ಬಿಚ್ಚಿ ನೋಡಿ ತಮಗೆ ಬೇಕಾದದ್ದನ್ನೇ ಕಂಡವರು ನೀವು. ಎರಡೂ ಸಹಿಗಳಿರುವ ಫಾರ್ಮ್ ನನ್ನ ಹತ್ತಿರವಿದೆ; ಯಾರು ಬೇಕಾದರೂ ಯೂಲೆಸ್‌ಗೆ ಬಂದು ನೋಡಬಹುದು.

ಕೌದಿಯನ್ನು ಗೋಡೆಗೆ ಹಾಕಬಾರದು ಎಂದು ನಾನು ಹೇಳುತ್ತಿಲ್ಲ. ಅಜ್ಜಿಯ ಹೊಲಿಗೆ ಯಾವ ಗೋಡೆಗೂ ಕಡಿಮೆಯಲ್ಲ. ನಿಮಗೆ ಅಷ್ಟು ಮೆಚ್ಚಿಗೆಯಾಗಿದ್ದರೆ ಇನ್ನೊಂದು ಪ್ರದರ್ಶನ ಮಾಡಿ, ಅವಳ ಹೆಸರು ಬರೆದು, ಊರು ಬರೆದು, ‘ಹೊದೆಯಲು’ ಎಂದು ಬರೆದು ಕೇಳಿ, ನಾನೇ ತಂದುಕೊಡುತ್ತೇನೆ. ಆದರೆ ನಿಮ್ಮ ಮನೆಯ ಅಟ್ಟದಲ್ಲಿ ಒಂದು ಇದ್ದಿರಬಹುದಾದ ವಸ್ತುವಿಗೆ ದೂರದೇಶದ ದುಃಖ ಹಚ್ಚಿ, ದೂರದೇಶದವಳ ನಿಜವಾದ ದುಃಖವನ್ನು ನಿಮ್ಮ ಆಫೀಸಿನ ರಸ್ತೆಯೆಂದು ತಳ್ಳಿಹಾಕಬೇಡಿ. ಮುಂದಿನ ಸಲ ಆ ರಸ್ತೆಯಲ್ಲಿ ಹೋಗುವಾಗ ಕಾರಿನ ಗಾಜು ಇಳಿಸಿ ಒಮ್ಮೆ ಟ್ಯಾಂಕುಗಳನ್ನು ನೋಡಿ. ಅವುಗಳ ಎದುರಿನ ಮಾಳಿಗೆಯ ಮೇಲೂ ಯಾರೋ ಓದುತ್ತಿರಬಹುದು.

ನನ್ನ ಬೇಡಿಕೆ ಇಷ್ಟೇ. ‘ಗಡೀಪಾರು’ ಫಲಕ ಕೀಳಿ. ಮೆಹ್ರಿ ಖಾನುಮ್‌ಗೆ ಕಳಿಸಿದ ಕಾಗದವನ್ನು ಲಿಖಿತವಾಗಿ ವಾಪಸು ಪಡೆಯಿರಿ. ಅವರ ಚಿತ್ರವನ್ನು ಆಸ್ಟಿನ್‌ನ ಗೋಡೆಗೆ ಅವರು ಇಟ್ಟ ಹೆಸರಿನಲ್ಲೇ ಹಾಕಿ: ‘ಮನೆಯ ಎದುರು’. ಜೂನ್ ಒಂಬತ್ತರ ಬೆಳಿಗ್ಗೆ ಪ್ರದರ್ಶನವನ್ನು ಆಸ್ಟಿನ್ನಿಗೆ ಸಾಗಿಸಲು ನೀವು ಗೊತ್ತುಮಾಡಿರುವ ವ್ಯಾನ್ ನನ್ನದೇ, ಅದು ನಿಮಗೆ ನೆನಪಿಲ್ಲದಿರಬಹುದು. ಒಂಬತ್ತು ಗಂಟೆಗೆ ಹಿಂದಿನ ಬಾಗಿಲಿಗೆ ಬರುತ್ತೇನೆ. ಆ ಚಿತ್ರ ಮೊದಲು ಉಗ್ರಾಣದಿಂದ ಹೊರಬರದೆ ಬೇರೆ ಒಂದೂ ನನ್ನ ವ್ಯಾನ್ ಏರುವುದಿಲ್ಲ. ಅಷ್ಟರಲ್ಲಿ ಕೌದಿಯನ್ನು ಇಳಿಸಿ ಮಡಿಸಿಡಿ. ಚಿತ್ರಕ್ಕೆ ಸುತ್ತಲು ನನಗೆ ಅದು ಬೇಕು.

ಇಂತಿ,
ಈ ಸಲ ಎರಡನೆಯ ಸಾಲನ್ನು ಖಾಲಿ ಬಿಡಲಿರುವ,
ಈರವ್ವನ ಮೊಮ್ಮಗಳು, ಶಾಲೆ ಬಿಟ್ಟ ಪ್ರಗತಿ
ಯೂಲೆಸ್, ಮೇ ೨೦೧೭