ಗಾಳೆಪ್ಪ ಭಾವನಿಗೆ ಹಾಕಿದ ಕುರ್ಚಿ

ಹಗರಿಬೊಮ್ಮನಹಳ್ಳಿ
೯ ನವೆಂಬರ್ ೨೦೨೫, ಭಾನುವಾರ

ತಾಯಿ ಸಮಾನಳಾದ ದುರ್ಗಕ್ಕನಿಗೆ ನಿನ್ನ ತಮ್ಮ ಹೊನ್ನೂರಸ್ವಾಮಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ. ನಿನ್ನ ಚೀಟಿ ಬಂದು ಒಂಬತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಬರೆಯಲಿಲ್ಲ ಎಂದಲ್ಲ, ಮೂರು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಚೀಟಿ ತಂದ ನಿನ್ನ ಮಗಳು ಅರ್ಚನಾ ಹೊಸ್ತಿಲು ದಾಟಲಿಲ್ಲ. "ಒಳಗ ಬಾರವ್ವ, ನೀರರ ಕುಡಿ" ಅಂದೆ. "ಬಸ್ ಐತ್ರಿ ಮಾಮ" ಎಂದು ಹೊರಟೇಬಿಟ್ಟಳು. ನಿಮ್ಮೂರು ಚಿಗಟೇರಿಗೆ ಆ ಹೊತ್ತಿನಲ್ಲಿ ಯಾವ ಬಸ್ಸೂ ಇಲ್ಲ, ನನಗೂ ಗೊತ್ತು, ಅವಳಿಗೂ ಗೊತ್ತು. ನನ್ನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ನೀನು ಬರೆದದ್ದು ಎರಡೇ ಸಾಲು. "ಅವರಿಗಿ ನೀ ಏನ್ ಕಲಿಸಿದ್ದಿ ಅನ್ನೋದನ್ನ ಠಾಣ್ಯಾಗ ಹೇಳು. ನಂಗ ಮತ್ತೇನೂ ಬ್ಯಾಡ." ಇದರ ಅರ್ಥ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾವನ ಕಡೆಯ ಶಿವಶಂಕರ ವಕೀಲರು ನನ್ನನ್ನೂ ಕೂರಿಸಿಕೊಂಡು ಹೇಳಿದ್ದಾರೆ. "ನೋಡ್ರಿ ಹವಾಲ್ದಾರ್ರ, ಗಾಳೆಪ್ಪಗ ಕಲಿಸಿದ್ರು, ಗೊತ್ತಿದ್ದೂ ಬಂದೂಕಿನಾಗ ಗುಂಡು ತುಂಬಿಟ್ಟ ಅಂತಾದ್ರ ಕೇಸು ದೊಡ್ಡದು, ವರ್ಷಗಟ್ಟಲೆ ಒಳಗ ಇರ್ತಾನ. ಯಾರೂ ಕಲಿಸಲೇ ಇಲ್ಲ, ಗೊತ್ತಿಲ್ದ ಆಗೋತು ಅಂತಾದ್ರ ಜಾಮೀನು ಸಿಗ್ತೈತಿ. ಅದನ್ನ ಹೇಳಬೇಕಾದವ್ರು ನೀವೊಬ್ರ." ಅಂದರೆ ಭಾವ ಮನೆಗೆ ಬರುವುದೂ ಬಾರದಿರುವುದೂ ನನ್ನ ನಾಲಿಗೆಯ ಮೇಲಿದೆ.

ಏನು ಕಲಿಸಿದೆ ಎಂದು ಕೇಳಿದೆಯಲ್ಲ. ಹೇಳುತ್ತೇನೆ, ಅಕ್ಕ. ಏನೂ ಕಲಿಸಲಿಲ್ಲ.

ನಮ್ಮ ತರಬೇತಿ ಕೇಂದ್ರವನ್ನು ನೀನು ನೋಡಿಲ್ಲ. ಕೂಡ್ಲಿಗಿ ರಸ್ತೆಯಲ್ಲಿ ಮುಚ್ಚಿಹೋದ ಒಂದು ಹತ್ತಿ ಜಿನ್ನಿನ ಷೆಡ್ಡು. ಮಾಲೀಕ ಕ್ರಾಂತಿಕುಮಾರ್ ಹೊರಗೆ ಬೋರ್ಡು ಹಾಕಿ, ಒಳಗೆ ನನ್ನನ್ನು ಹಾಕಿದ್ದಾನೆ. ಬಂದೂಕಿನ ಲೈಸೆನ್ಸ್ ಬೇಕಾದವರು ತರಬೇತಿ ಸರ್ಟಿಫಿಕೇಟ್ ಕೊಡಬೇಕಲ್ಲ, ಅದಕ್ಕೆ ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ. ಕಾಗದದ ಮೇಲೆ ಮೂರು ದಿನದ ತರಬೇತಿ. ಹತ್ತೊಂಬತ್ತು ವರ್ಷ ಸೈನ್ಯದಲ್ಲಿದ್ದವನು ನಾನು. ಮೊದಮೊದಲು ಮೂರೂ ದಿನ ಸರಿಯಾಗಿಯೇ ಅರೆದೆ. ನೆಲಕ್ಕೆ ಹಾಕಿದ ಗೋಣಿಚೀಲದ ಮೇಲೆ ಹೊಟ್ಟೆ ಹಚ್ಚಿ ಮಲಗಿಸುತ್ತಿದ್ದೆ. ಟ್ರಿಗರಿನ ಮೇಲೆ ಸುಮ್ಮನೆ ಬೆರಳಿಟ್ಟವನ ಬೆರಳಿಗೆ ಬೆತ್ತದಿಂದ ಬಿಗಿಯುತ್ತಿದ್ದೆ. ಕೆಳಗಿಡುವ ಮುಂಚೆ ಗುಂಡು ತೆಗಿ, ತೆಗೆದ ಮೇಲೆ ಇನ್ನೊಮ್ಮೆ ನೋಡು, ನೋಡಿದ ಮೇಲೂ ನಂಬಬೇಡ. ಇದನ್ನು ನೂರು ಸಲ ಕೂಗಿಸುತ್ತಿದ್ದೆ. ಮೈಲಾರೇಶ ಅನ್ನುವವನೊಬ್ಬ ಅಳುತ್ತ ಊರಿಗೆ ಹೋಗಿದ್ದ.

ಆಮೇಲೆ ಮೂರು ದಿನ ಎರಡಾಯಿತು, ಎರಡು ಒಂದಾಯಿತು. "ಜನ ಎಲ್ಲಿ ಮೂರು ದಿನ ಕೂಲಿ ಬಿಟ್ಟು ಬರ್ತಾರ ಬಿಡ್ರಿ" ಅಂದ ಕ್ರಾಂತಿಕುಮಾರ್. ಒಮ್ಮೆ ಕಲ್ಲುಕ್ವಾರಿಯವನೊಬ್ಬ ಬಂದ. ಕಾರಿನಿಂದ ಇಳಿಯಲೂ ಇಲ್ಲ. ಸೊಂಟದಲ್ಲಿ ಪಿಸ್ತೂಲು, ಮೇಲೆ ಅಂಗಿ. ಲೈಸೆನ್ಸ್ ಇನ್ನೂ ಆಗಿರಲಿಲ್ಲ, ಪಿಸ್ತೂಲು ಮಾತ್ರ ಆಗಲೇ ಸೊಂಟದಲ್ಲಿತ್ತು. ಕಾರಿನ ಕಿಟಕಿಯಲ್ಲೇ ಸಹಿ ಹಾಕಿ ಕೊಟ್ಟೆ. ಮುಚ್ಚಿಟ್ಟುಕೊಂಡು ತಿರುಗುವವರು, ಹೆಗಲಿಗೆ ಹಾಕಿಕೊಂಡು ತೋರಿಸುತ್ತ ತಿರುಗುವವರು, ಇಬ್ಬರ ಜೇಬಿನಲ್ಲೂ ನನ್ನ ಸಹಿ ಇದೆ. ಈಗ ಬಸ್‌ಸ್ಟ್ಯಾಂಡಿನಲ್ಲಿ ಯಾರದಾದರೂ ಅಂಗಿ ಸೊಂಟದ ಹತ್ತಿರ ಉಬ್ಬಿದ್ದರೆ ನಾನು ಆಚೆ ಸರಿದು ನಿಲ್ಲುತ್ತೇನೆ.

ಆದರೂ ಒಂದು ಮಾತು. ಸಾಮಾನ್ಯ ಜನಕ್ಕೆ ಒಂದು ದಿನವಾದರೂ ನಾನು ಕಲಿಸದೆ ಬಿಟ್ಟಿಲ್ಲ. ಭಾವನಿಗೆ ಒಂದು ಗಂಟೆಯೂ ಕಲಿಸಲಿಲ್ಲ.

ಹಮಾಲಿ ಮಾಡಿ ಅವರ ಬೆನ್ನು ಹೋಗಿತ್ತು. "ಕುಂತು ಮಾಡೋ ಕೆಲಸ ಒಂದು ನೋಡೋ ಹೊನ್ನೂರ" ಎಂದು ನೀನು ಹೇಳಿದ ವಾರದಲ್ಲೇ ಹರಪನಹಳ್ಳಿಯ ಆ ಪತ್ತಿನ ಸಂಘದವರು ಗನ್‌ಮ್ಯಾನ್ ಬೇಕೆಂದು ನನ್ನ ಹತ್ತಿರ ಬಂದರು. ದೇವರೇ ಕಣ್ಣುಬಿಟ್ಟ ಅಂದುಕೊಂಡೆ. ಭಾವ ಷೆಡ್ಡಿಗೆ ಬಂದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಕೈಯಲ್ಲಿ ನೀನು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಒಳಗೆ ಎಂಟು ಜನ ಗೋಣಿಚೀಲದ ಮೇಲೆ ಮಲಗಿದ್ದರು, ನಾನು ಅವರ ಅಪ್ಪ ಅಮ್ಮಂದಿರನ್ನೆಲ್ಲ ನೆನೆಯುತ್ತಿದ್ದೆ. ಭಾವ ಚಪ್ಪಲಿ ಕಳಚಿ, ಒಂಬತ್ತನೆಯ ಚೀಲದ ಕಡೆಗೆ ನಡೆದರು. ಮಲಗುವುದಕ್ಕೆ ಬಗ್ಗಿಯೂ ಬಿಟ್ಟಿದ್ದರು.

ನನ್ನ ಕೈಲಾಗಲಿಲ್ಲ, ಅಕ್ಕ. ಅವ್ವ ತೀರಿದಾಗ ನನಗೆ ಒಂಬತ್ತು ವರ್ಷ. ಆಗಿನಿಂದ ಸೈನ್ಯಕ್ಕೆ ಸೇರುವವರೆಗೆ ಆ ಮನುಷ್ಯನ ದುಡಿಮೆಯ ಅನ್ನ ಉಂಡಿದ್ದೇನೆ. ಬಳ್ಳಾರಿಯಲ್ಲಿ ಭರ್ತಿಯ ದಿನ ನಾನು ಓಡುವಾಗ ನನ್ನ ಅಂಗಿ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದವರು ಅವರು. ಅಕ್ಕನ ಗಂಡನನ್ನು ನೆಲಕ್ಕೆ ಹಾಕಿ ಹೇಗೆ ಬೈಯಲಿ? ಅವರ ಬೆರಳಿಗೆ ಬೆತ್ತದಿಂದ ಹೇಗೆ ಹೊಡೆಯಲಿ? ಓಡಿಹೋಗಿ ತೋಳು ಹಿಡಿದು ಎಬ್ಬಿಸಿದೆ. ಆಫೀಸಿನಿಂದ ಕುರ್ಚಿ ತರಿಸಿ ಫ್ಯಾನಿನ ಕೆಳಗೆ ಹಾಕಿಸಿದೆ. ಚಾ ತರಿಸಿದೆ. ಸಂಜೆಯವರೆಗೆ ಅವರು ಆ ಕುರ್ಚಿಯಲ್ಲಿ ಸಂಕೋಚದಿಂದ ತುದಿಗೆ ಕೂತಿದ್ದರು. ಒಂದೂ ಗುಂಡು ಹಾರಿಸಲಿಲ್ಲ.

ನಡುವೆ ಒಮ್ಮೆ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು: "ಹೊನ್ನೂರ, ಈ ಸೇಫ್ಟಿ ಗುಂಡಿ ಮುಂದ್ಕ ತಳ್ಳಿದ್ರ ಬಂದ್ ಆಗ್ತೈತೋ, ಹಿಂದ್ಕ ಎಳದ್ರ ಬಂದ್ ಆಗ್ತೈತೋ?"

"ಅದೆಲ್ಲ ಕೈಗಿ ರೂಢಿ ಆಗ್ತೈತಿ ಭಾವ. ಚಾ ಆರ್ತೈತಿ, ಕುಡೀರಿ" ಅಂದೆ.

ಅಷ್ಟೇ. ಸಂಜೆ ಸರ್ಟಿಫಿಕೇಟಿಗೆ ಸಹಿ ಹಾಕಿ, ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಮರ್ಯಾದೆ ಮಾಡಿದೆ ಎಂದು ಎದೆಯುಬ್ಬಿಸಿಕೊಂಡು ಮನೆಗೆ ನಡೆದೆ. ಎಂಥ ಕತ್ತೆ ನಾನು.

ಆಮೇಲೆ ಅವರು ಜೋಡುನಳಿಗೆಯ ಬಂದೂಕು ಹೆಗಲಿಗೆ ಹಾಕಿಕೊಂಡು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆದುಹೋಗುವುದನ್ನು ನಾನೂ ನೋಡಿದ್ದೇನೆ. ಬೆನ್ನು ನೆಟ್ಟಗಾಗಿತ್ತು. ಮೂವತ್ತು ವರ್ಷ ಮೂಟೆಯ ಕೆಳಗೆ ಬಗ್ಗಿದ್ದ ಮನುಷ್ಯನಿಗೆ ಬಸ್ಸಿನಲ್ಲಿ ಜನ ಎದ್ದು ಸೀಟು ಬಿಡುತ್ತಿದ್ದರು. "ಬಂದೂಕಿಗಿ ಬಿಡ್ತಾರ, ನಂಗಲ್ಲ" ಎಂದು ನಗುತ್ತಿದ್ದರು. ಸಂಘದ ಮ್ಯಾನೇಜರಿಗೂ ಅಷ್ಟೇ ಬೇಕಾಗಿತ್ತು, ಬಂದವರಿಗೆಲ್ಲ ಬಂದೂಕು ಕಾಣಬೇಕು. ಅದನ್ನು ಹಿಡಿದವನಿಗೆ ಹಿಡಿಯಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಸಹಿ ತೋರಿಸುತ್ತಿದ್ದರು.

ಆಯುಧಪೂಜೆಯ ದಿನದ್ದು ನಿನಗೆ ಗೊತ್ತಿರುವುದೇ. ಆದರೆ ಯಾರೂ ನಿನಗೆ ಪೂರ್ತಿ ಹೇಳಿಲ್ಲ ಅಂತ ನನಗೆ ಗುಮಾನಿ. ಕಂಪ್ಯೂಟರು, ಬೀಗ, ಬೈಕುಗಳ ಜೊತೆ ಭಾವ ತಮ್ಮ ಬಂದೂಕನ್ನೂ ಉಜ್ಜಿ, ವಿಭೂತಿ ಹಚ್ಚಿ, ದೇವಿಯ ಫೋಟೋದ ಕೆಳಗೆ ಗೋಡೆಗೆ ಆನಿಸಿ ನಿಲ್ಲಿಸಿದರು. ನಿಲ್ಲಿಸುವ ಮುಂಚೆ ಎರಡೂ ನಳಿಗೆಗೆ ಗುಂಡು ತುಂಬಿದರು. ಅಲ್ಲಿದ್ದವರು ಯಾಕೆ ಅಂದಾಗ, "ಖಾಲಿ ಕೊಡ ಇಟ್ಟು ಪೂಜಿ ಮಾಡ್ತೀವೇನು? ಇದೂ ಹಂಗಾ" ಅಂದರಂತೆ. ಆ ಮಾತನ್ನೇ ಈಗ ಪೊಲೀಸರು ಬರೆದುಕೊಂಡಿದ್ದಾರೆ.

ಕ್ಲರ್ಕ್ ಕೋಮಲಾ ಚೆಂಡುಹೂವಿನ ಸರ ತಂದಿದ್ದಳು. ಬಂದೂಕಿನ ಬಾಯಿಗೆ ಸರ ಹಾಕಿ, ಜಾರದಿರಲಿ ಎಂದು ಉಳಿದ ದಾರವನ್ನು ಕೆಳಗೆ ಸುತ್ತಿ, ಅದರ ಮೇಲೆ ಬಗ್ಗಿ ನಿಂತು ಬಿಗಿಯಾಗಿ ಎಳೆದಳು. ದಾರ ಟ್ರಿಗರಿನ ಮೇಲೆ ಹಾದಿತ್ತು. ದಾವಣಗೆರೆ ಆಸ್ಪತ್ರೆ ಮುಟ್ಟಲಿಲ್ಲ ಅವಳು.

ಅವಳ ಊರು ಇಟ್ಟಿಗಿ. ಮೂರನೆಯ ದಿನ ಹೋಗಿದ್ದೆ. ನಾನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪ ಪಕ್ಕೀರಪ್ಪ ಅಂಗಳದಲ್ಲಿ ಕಂಬಳಿಯ ಮೇಲೆ ಕೂತಿದ್ದರು. ಆ ಮನೆಯಲ್ಲಿ ಸಂಬಳದ ನೌಕರಿಗೆ ಹೋದ ಮೊದಲನೆಯವಳು ಅವಳಂತೆ. ಅವರು ಭಾವನನ್ನು ಒಂದು ಮಾತೂ ಬೈಯಲಿಲ್ಲ. "ಆ ವಯ್ಯಾ ನನ್ನ ಮಗಳನ್ನ ಅವ್ವಾ ಅಂತ ಕರೀತಿದ್ದ. ಅಂವಗ ಬಂದೂಕು ಕೈಯಾಗ ಕೊಟ್ಟು ಕಳಿಸಿದವ್ರು ಯಾರು, ಅಷ್ಟು ಹೇಳ್ರಿ ನಂಗ" ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ನನ್ನನ್ನೂ ಕೇಳಿದರು. ಗೊತ್ತಿಲ್ಲ ಯಜಮಾನ್ರೇ ಎಂದು ಕೈಮುಗಿದು ಎದ್ದು ಬಂದೆ.

ಮೊನ್ನೆ ಮಂಗಳವಾರ ಜೈಲಿಗೆ ಹೋಗಿ ಭಾವನನ್ನು ನೋಡಿದೆ. ತುಂಬ ಇಳಿದಿದ್ದಾರೆ. ಬೆನ್ನುನೋವಿಗೆ ಕಟ್ಟುವ ಸೊಂಟದ ಪಟ್ಟಿ ಒಳಗೆ ಬಿಡುವುದಿಲ್ಲವಂತೆ, ಕಂಬಿ ಹಿಡಿದುಕೊಂಡೇ ನಿಂತಿದ್ದರು. ಮೊದಲು ಕೇಳಿದ್ದು "ಉಂಡು ಬಂದಿಯೇನು?" ಎಂದು. ಆಮೇಲೆ ಹೇಳಿದರು.

"ನಾನು ಬಂದ್ ಮಾಡೇ ಇಟ್ಟಿದ್ನೋ ಹೊನ್ನೂರ. ಹೆಣ್ಣುಮಕ್ಕಳು ಓಡಾಡ್ತಾರ ಅಂತ ನೆಪ್ಪಿಟ್ಟು ಬಂದ್ ಮಾಡಿದ್ದೆ. ಮುಂದ್ಕ ತಳ್ಳಿದ್ದೆ."

ಅಕ್ಕ, ಮುಂದಕ್ಕೆ ತಳ್ಳಿದರೆ ತೆರೆಯುತ್ತದೆ.

ಅದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಬಂದೂಕೇ ಕೆಟ್ಟಿತ್ತು ಎಂದು ಅವರು ನಂಬಿದ್ದಾರೆ, ನಂಬಿಕೊಳ್ಳಲಿ. ಹೊರಡುವಾಗ, "ನಿಮ್ಮಕ್ಕ ಹೆದರ್ಯಾಳ. ಹೊನ್ನೂರ ಇದ್ದದ್ದನ್ನ ಇದ್ದಂಗ ಹೇಳ್ತಾನ ಅಂತ ಹೇಳಿ ಕಳಿಸೀನಿ" ಅಂದರು. ನಾನು ತಲೆಯಾಡಿಸಿದೆ.

ಕ್ರಾಂತಿಕುಮಾರ್ ದಿನಕ್ಕೆರಡು ಸಲ ಮನೆಗೆ ಬರುತ್ತಾನೆ. ಒಂದು ಸರ್ಟಿಫಿಕೇಟ್ ಸುಳ್ಳು ಅಂದರೆ ನಾನು ಸಹಿ ಹಾಕಿದ್ದೆಲ್ಲ ಸುಳ್ಳಾಗುತ್ತವಂತೆ, ಅವುಗಳ ಮೇಲೆ ನೌಕರಿಗೆ ನಿಂತವರೆಲ್ಲ ಮನೆಗೆ ಹೋಗುತ್ತಾರಂತೆ, ನಾನು ಭಾವನ ಪಕ್ಕದಲ್ಲೇ ಹೋಗಿ ನಿಲ್ಲುತ್ತೇನಂತೆ. ರೇಖಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಹೆಂಡತಿ ಅಂದ ಮೇಲೆ ಅವಳಿಗೂ ಹೆದರಿಕೆ ಇರುತ್ತದೆ. ಆದರೆ ತಪ್ಪನ್ನು ಅವರಿಬ್ಬರ ಮೇಲೆ ಹಾಕುವುದಿಲ್ಲ. ಹೆದರಿದವನು ನಾನೇ. ಗಡಿಯಲ್ಲಿ ಹೆದರದವನು ಈ ಊರಿನ ನಾಲ್ಕು ಜನರ ಮುಂದೆ ಹೆದರಿದೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು ಎಂದು ಬರೆಯಲು ಮುಖವಿಲ್ಲ. ಅರ್ಚನಾಳಿಗೆ ನನ್ನ ಆಶೀರ್ವಾದ. ಅವಳಿಗೆ ಒಳ್ಳೆಯದಾಗಲಿ, ನನ್ನಂಥವರ ನೆರಳು ಬೀಳದಿರಲಿ. ನಿನ್ನ ಆಶೀರ್ವಾದ ಈ ಸಲ ಬೇಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಶುಗರ್ ಮಾತ್ರೆ ಬಿಡಬೇಡ.

ಇಂತಿ ನಿನ್ನ ಕೈತುತ್ತು ಉಂಡ ತಮ್ಮ,
ಹೊನ್ನೂರಸ್ವಾಮಿ

ತಾ.ಕ.: ಅಕ್ಕ, ಠಾಣೆಯಲ್ಲಿ ಹೇಳು ಅಂದೆಯಲ್ಲ. ನಿನ್ನ ಚೀಟಿ ಬರುವ ಹಿಂದಿನ ದಿನವೇ ಹೇಳಿ ಬಂದಿದ್ದೆ. ಮೂರು ದಿನವೂ ಪೂರ್ತಿ ಕಲಿಸಿದ್ದೇನೆ, ಗುಂಡು ತೆಗೆಯದೆ ಕೆಳಗಿಡಬಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದು ಬರೆಸಿದೆ. ಗುರಿ ಹೊಡೆದ ಹಾಳೆಯನ್ನೂ ಕೊಟ್ಟೆ. ಕೆಳಗೆ ಭಾವನ ಹೆಸರು, ನಡುವೆ ಐದು ತೂತು. ಭಾವ ಬಸ್ಸು ಹತ್ತಿದ ಮೇಲೆ ನಾನೇ ಹೊಡೆದದ್ದು ಅವು. ಇನ್ಸ್‌ಪೆಕ್ಟರು ಹಾಳೆ ಎತ್ತಿ ನೋಡಿ, "ಕೈ ಚಲೋ ಪಳಗೈತಲ್ರಿ ನಿಮ್ಮ ಭಾವಂದು" ಅಂದರು. ಹೌದು ಸರ್ ಅಂದೆ. ಈ ಕಾಗದವನ್ನು ಶಿವಶಂಕರ ವಕೀಲರ ಕೈಗೆ ಕೊಡು. ನಾಳೆ ಕೋರ್ಟಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರೆ, ಇದು ನಾನು ಬರೆದದ್ದಲ್ಲ ಎಂದು ನಾನು ಹೇಳಿದರೂ ಹೇಳಬಹುದು, ನನ್ನ ಮೇಲೆ ನನಗೆ ಭರವಸೆ ಇಲ್ಲ. ಆಗ ನೀನು ಎದ್ದು ನಿಲ್ಲು. ಇದು ನನ್ನ ತಮ್ಮನದೇ ಅಕ್ಷರ, ಒಲೆಯ ಮುಂದೆ ಕೂರಿಸಿಕೊಂಡು ಇವನಿಗೆ ಅಕ್ಷರ ತಿದ್ದಿಸಿದವಳು ನಾನೇ ಎಂದು ಹೇಳು.